ತಲೆದೂಗುವವನ ಮಣೆ

"ಗುರುಗಳೇ, ಹೋಗಿ ಎಂದು ನಾನು ಯಾರಿಗೂ ಹೇಳಲಿಲ್ಲ. ನನ್ನದೊಂದು ಚಿತ್ರ ಹಾಕಿದೆ, ಅಷ್ಟೆ. ಈಗ ಸುಮ್ಮನಿದ್ದುಬಿಟ್ಟರೆ ತಪ್ಪೇ?"

ಹೀಗೆ ಕೇಳಿದವನು ಸುಮೇಧ. ಗುರುಗಳ ಬಳಿ ಹಾಡುಗಾರಿಕೆ ಕಲಿಯುತ್ತಿದ್ದ ಹುಡುಗ. ಅವನು ಹಾಡಿ ಫೋನಿನಲ್ಲಿ ಹಾಕಿದ್ದನ್ನು ಲಕ್ಷಾಂತರ ಜನ ಕೇಳುತ್ತಿದ್ದರು. ಆ ಬೇಸಿಗೆಯಲ್ಲಿ ಯಾರೋ ಕಡಲ ದಂಡೆಯಲ್ಲಿ ವೈಭವದ ಸಂಗೀತೋತ್ಸವ ಮಾಡುತ್ತೇವೆಂದು ಹೊರಟಿದ್ದರು. ಇವನನ್ನು ದೋಣಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ನಗುವ ಚಿತ್ರ ತೆಗೆದರು. ಚಿತ್ರ ನೋಡಿದವರು ಮುಗಿಬಿದ್ದು ಹೋದರು. ಅಲ್ಲಿ ಡೇರೆಯಿಲ್ಲ, ಕುಡಿಯಲು ನೀರಿಲ್ಲ, ಹಾಡುವವರೂ ಇಲ್ಲ. ವಾಪಸು ಬಂದವರನ್ನು ಊರೆಲ್ಲ ಆಡಿಕೊಂಡು ನಕ್ಕಿತು. ಅವರಲ್ಲಿ ಕೆಲವರು, ನಾವೇ ದಡ್ಡರು, ನಮಗೇ ಬುದ್ಧಿಯಿಲ್ಲ ಎಂದು ಬರೆದುಕೊಂಡರು. ಸುಮೇಧ ಚಿತ್ರವನ್ನು ಅಳಿಸಿಹಾಕಿ ಬಾಯಿ ಮುಚ್ಚಿಕೊಂಡಿದ್ದ.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು.

"ಫೋನನ್ನು ಆ ಕಡೆ ಇಡು. ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಡವೇ? ಒಂದು ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಒಬ್ಬ ರಸಿಕನಿದ್ದ. ಅವನಿಗೆ ಹಾಡಲು ಬರುತ್ತಿರಲಿಲ್ಲ, ನುಡಿಸಲೂ ಬರುತ್ತಿರಲಿಲ್ಲ. ಕೇಳಲು ಬರುತ್ತಿತ್ತು. ಅದೇನು ಮಹಾ ಎನ್ನಬೇಡ. ಹಾಡುವವರು ಬೀದಿಗೊಬ್ಬರು ಸಿಗುತ್ತಾರೆ, ಕೇಳಬಲ್ಲವನು ಊರಿಗೊಬ್ಬ ಸಿಕ್ಕರೆ ಪುಣ್ಯ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಕಚೇರಿ ನಡೆಯುವಾಗ ಹಾಡುವವರ ಪಕ್ಕದಲ್ಲಿ, ಜನರಿಗೆ ಮುಖ ಮಾಡಿ ಒಂದು ಎತ್ತರದ ಮಣೆ ಹಾಕುತ್ತಿದ್ದರು. ಅದು ರಸಿಕನ ಜಾಗ. ಸಂಗೀತ ತಿಳಿಯದವರು ಅವನ ತಲೆಯನ್ನು ನೋಡುತ್ತಿದ್ದರು. ಅವನು ತಲೆದೂಗಿದರೆ, ಈಗ ಹಾಡಿದ್ದು ಸೊಗಸಾಗಿತ್ತು ಎಂದು ಅವರಿಗೆ ಗೊತ್ತಾಗುತ್ತಿತ್ತು. ಅವರೂ ತೂಗುತ್ತಿದ್ದರು. ಹಾಗೆ ತೂಗುತ್ತ ತೂಗುತ್ತ ಎಷ್ಟೋ ಜನ ಕೇಳುವುದನ್ನು ಕಲಿತರು. ರಸಿಕ ಮುಖದಾಕ್ಷಿಣ್ಯಕ್ಕೆ ತಲೆದೂಗಿದವನಲ್ಲ. ದೊಡ್ಡ ವಿದ್ವಾಂಸರು ಹಾಡುತ್ತಿದ್ದರೂ ಇಷ್ಟವಾಗದಿದ್ದರೆ ಕಲ್ಲಿನ ಹಾಗೆ ಕೂತಿರುತ್ತಿದ್ದ.

ಒಂದು ದಿನ ಒಬ್ಬ ವರ್ತಕ ಅವನ ಮನೆಗೆ ಬಂದ. ಹೊಳೆಯ ನಡುವಿನ ದ್ವೀಪದಲ್ಲಿ ಹಿಂದೆಂದೂ ಆಗದಂಥ ಸಂಗೀತೋತ್ಸವ ಮಾಡುತ್ತೇನೆ ಎಂದ. ರೇಷ್ಮೆಯ ಡೇರೆಗಳು, ಪನ್ನೀರಿನ ಸ್ನಾನ, ಬೆಳ್ಳಿಯ ತಟ್ಟೆಯಲ್ಲಿ ಊಟ. ಯಾರೂ ಹಿಂದೆ ಕೂರಬೇಕಾಗಿಲ್ಲ, ಎಲ್ಲರೂ ಹಾಡುವವರ ಹತ್ತಿರವೇ ಕೂತು ಕೇಳಬಹುದು. ಒಂದು ರೇಷ್ಮೆ ಪರದೆಯನ್ನೂ ಬಿಚ್ಚಿ ತೋರಿಸಿದ. ಮಂಟಪಕ್ಕೆ ಇದು ಮುಂದಿನ ಪರದೆ ಎಂದ. ಪರದೆ ನಿಜವಾಗಿಯೂ ಚೆನ್ನಾಗಿತ್ತು. ತಯಾರಾಗಿದ್ದದ್ದು ಅದೊಂದೇ.

ವರ್ತಕ ಕಳ್ಳ ಎಂದುಕೊಳ್ಳಬೇಡ. ಕಳ್ಳನಾಗಿದ್ದರೆ ಕತೆ ಸುಲಭವಾಗುತ್ತಿತ್ತು. ಜನ ಮೊದಲು ಬರಲಿ, ಉಳಿದದ್ದೆಲ್ಲ ಹೇಗೋ ಆಗುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಅವನ ಕಣ್ಣಿಗೆ ಮಂಟಪ ಆಗಲೇ ಎದ್ದು ನಿಂತಿತ್ತು.

"ತಾವು ಏನೂ ಹೇಳಬೇಕಾಗಿಲ್ಲ," ಎಂದ ವರ್ತಕ. "ಡಂಗುರದವನು ಹೇಳುತ್ತಾನೆ. ತಾವು ಈ ಪರದೆಯ ಮುಂದೆ ಗಾಡಿಯಲ್ಲಿ ಕೂತು, ಅವನು ಹೇಳಿದ್ದಕ್ಕೆ ಸ್ವಲ್ಪ ತಲೆದೂಗಿದರೆ ಸಾಕು."

"ಕೇಳದೆ ತೂಗುವುದು ಹೇಗೆ?" ಎಂದ ರಸಿಕ.

"ಕೇಳಿದ ಮೇಲೆ ಹೇಗೂ ತೂಗುತ್ತೀರಿ. ಸ್ವಲ್ಪ ಮುಂಚೆ ತೂಗಿ, ಅಷ್ಟೆ."

ರಸಿಕ ನಕ್ಕ. ಪಾಪ, ಅವನೂ ಮನುಷ್ಯನೇ. ಜೀವನವಿಡೀ ಹಾಡುವವರ ಕೊರಳಿಗೆ ಹಾರ ಬೀಳುವುದನ್ನು ಪಕ್ಕದಲ್ಲಿ ಕೂತು ನೋಡಿದ್ದ. ಅವನನ್ನೇ ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ವರ್ತಕ ಶಾಲು ಹೊದಿಸಿದ, ಗಾಡಿಗೆ ಕೊಡೆ ಕಟ್ಟಿಸಿದ. ರಸಿಕ ಹತ್ತಿ ಕೂತ. ಡಂಗುರದವನು ಊರೂರಿನಲ್ಲಿ ಡೇರೆಯ ಸುದ್ದಿ ಹೇಳಿದ, ಪನ್ನೀರಿನ ಸುದ್ದಿ ಹೇಳಿದ, ಬರಲಿರುವ ವಿದ್ವಾಂಸರ ಹೆಸರು ಹೇಳಿದ. ರಸಿಕ ತಲೆದೂಗಿದ. ಮೊದಲ ಊರಿನಲ್ಲಿ ಕತ್ತು ಸ್ವಲ್ಪ ಬಿಗಿಯಾಗಿತ್ತು. ಆಮೇಲೆ ರೂಢಿಯಾಯಿತು.

ಒಂದು ಊರಿನಲ್ಲಿ ಒಬ್ಬ ಕುಂಬಾರ ಗಾಡಿಯ ಹತ್ತಿರ ಬಂದು ಕೈ ಮುಗಿದ. ಅವನ ತಾಯಿಗೆ ಸಂಗೀತವೆಂದರೆ ಜೀವ. ಎಲ್ಲ ಕಚೇರಿಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಈಚೆಗೆ ಕಿವಿ ಮಂದವಾಗುತ್ತ ಬಂದಿತ್ತು. ಹತ್ತಿರದ ದನಿ ಕೇಳಿಸುತ್ತಿತ್ತು, ದೂರದ್ದು ಹೋಗಿತ್ತು.

"ಬುದ್ಧೀ, ಅವ್ವನ್ನ ಕರ್ಕೊಂಡು ಹೋಗ್ಲಾ?" ಎಂದ ಕುಂಬಾರ. "ಕಿವಿ ಪೂರ್ತಿ ಮುಚ್ಚೋಕೆ ಮುಂಚೆ ಒಂದು ಸಲ ಹತ್ರ ಕೂತ್ಕೊಂಡು ಕೇಳ್ಬೇಕಂತೆ. ಮಳೆಗಾಲ ಕಳೆಯೋ ಹೊತ್ತಿಗೆ ಅದೂ ಇರಲ್ಲ ಅಂದವ್ರೆ ವೈದ್ಯರು."

ರಸಿಕ, ನಾನಿನ್ನೂ ಏನನ್ನೂ ನೋಡಿಲ್ಲವಪ್ಪಾ ಎಂದು ಹೇಳಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಜನ ನೋಡುತ್ತಿದ್ದರು, ವರ್ತಕನೂ ನೋಡುತ್ತಿದ್ದ. ರಸಿಕ ತಲೆದೂಗಿದ.

ಕುಂಬಾರ ಆ ಸಲದ ಆವಿಗೆಯಲ್ಲಿ ಸುಟ್ಟ ಗಡಿಗೆಗಳನ್ನೆಲ್ಲ ವರ್ತಕನಿಗೆ ಒಪ್ಪಿಸಿ ಇಬ್ಬರಿಗೆ ಜಾಗ ಪಡೆದ.

ಉತ್ಸವದ ದಿನ ದೋಣಿಗಳು ಜನರನ್ನು ದ್ವೀಪಕ್ಕೆ ತಂದು ಇಳಿಸಿದವು. ಅಲ್ಲಿ ಮರಳಿನಲ್ಲಿ ಗೂಟಗಳನ್ನು ನೆಟ್ಟಿದ್ದರು, ಗೂಟಕ್ಕೆ ಬಟ್ಟೆಯಿರಲಿಲ್ಲ. ಊಟಕ್ಕೆ ಒಣ ಮಂಡಕ್ಕಿ. ವಿದ್ವಾಂಸರು ಯಾರೂ ಬಂದಿರಲಿಲ್ಲ. ಅವರಿಗೆ ಕರೆ ಹೋಗಿತ್ತು, ಕರೆತರುವ ಏರ್ಪಾಡು ಆಗಿರಲಿಲ್ಲ. ವರ್ತಕ ಪಂಚೆ ಎತ್ತಿ ಕಟ್ಟಿ, ಅಳುತ್ತ, ತಾನೇ ಹಗ್ಗ ಎಳೆದು ಡೇರೆ ನಿಲ್ಲಿಸಲು ಒದ್ದಾಡುತ್ತಿದ್ದ. ನೋಡಿದರೆ ಬೈಯಲೂ ಮನಸ್ಸು ಬರುತ್ತಿರಲಿಲ್ಲ. ಮಂಟಪದಲ್ಲಿ ಮುಗಿದಿದ್ದ ಕೆಲಸವೆಂದರೆ ಆ ಒಂದು ಪರದೆ. ಅದರ ಮುಂದೆ ರಸಿಕನ ಮಣೆ. ಹಿಂದೆ ಬರೀ ಮರಳು.

ರಸಿಕನನ್ನು ಮರ್ಯಾದೆಯಿಂದ ಕರೆತರಬೇಕೆಂದು ಕೊನೆಯ ದೋಣಿಯಲ್ಲಿ ಕರೆತಂದರು. ಆಗ ಸಂಜೆಯಾಗಿತ್ತು. ಅವನು ಇಳಿದು ಸುತ್ತ ನೋಡಿದ. ಕೂಗಾಡುತ್ತಿದ್ದ ಜನ ಅವನನ್ನು ಕಂಡು ಸುಮ್ಮನಾದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ದಾರಿ ಬಿಟ್ಟರು. ಇವರು ಬಂದರಲ್ಲ, ಇನ್ನು ಹಾಡು ಶುರುವಾಗಬಹುದು ಎಂದು ಇನ್ನೂ ಆಸೆಯಿಟ್ಟುಕೊಂಡವರು ಅಲ್ಲಿದ್ದರು. ಕೂರಲು ಅಲ್ಲಿ ಬೇರೇನೂ ಇರಲಿಲ್ಲ. ರಸಿಕ ಆ ಮಣೆಯ ಮೇಲೆ ಕುಸಿದು ಕೂತ. ಶಾಲಿನಿಂದ ಮುಖ ಮುಚ್ಚಿಕೊಂಡ. ಅಳು ಉಕ್ಕಿ ಬಂತು. ದನಿ ಹೊರಡದ ಹಾಗೆ ತಡೆದುಕೊಂಡ. ಬಿಕ್ಕಿದಾಗಲೆಲ್ಲ ತಲೆ ಅಲುಗುತ್ತಿತ್ತು.

ಕುಂಬಾರನ ತಾಯಿ ಮುಂದೆಯೇ ಕೂತಿದ್ದಳು. ಅವಳಿಗೆ ಪರದೆ ಕಂಡಿತು, ಪರದೆಯ ಮುಂದೆ ಅಲುಗುವ ತಲೆ ಕಂಡಿತು. ಹಾಡುವವರು ಪರದೆಯ ಹಿಂದಿದ್ದಾರೆ ಎಂದುಕೊಂಡಳು. ಅವಳೂ ಮೆಲ್ಲಗೆ ತಲೆದೂಗತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಮಗನ ಕೈ ಹಿಡಿದುಕೊಂಡಳು.

"ಚೆಂದಾಗಿ ಹಾಡ್ತಾವ್ರೆ ಅಲ್ವಾ ಮಗಾ? ಹೊಳೆ ಸದ್ದು ಕೇಳಿಸ್ತದೆ. ಹಾಡೇ ಕೇಳಿಸ್ತಿಲ್ಲ ಕಣೋ. ಇಷ್ಟು ಹತ್ರ ಕೂತಿದ್ರೂ ಕೇಳಿಸ್ತಿಲ್ಲ. ನನ್ ಕಿವಿ ಹೋಯ್ತು."

ಮಗ ಅವಳ ಕಿವಿಗೆ ಬಾಯಿಟ್ಟು ಹೇಳಿದ. "ಯಾರೂ ಹಾಡ್ತಿಲ್ಲ ಕಣವ್ವಾ! ಪರದೆ ಹಿಂದೆ ಯಾರೂ ಇಲ್ಲ!"

ಅವಳು ಮಗನ ಕೆನ್ನೆ ಸವರಿದಳು. "ನಂಗೆ ಬೇಜಾರಾಗ್ತದೆ ಅಂತ ಸುಳ್ಳು ಹೇಳ್ಬೇಡ. ಅವ್ರು ತಲೆ ತೂಗ್ತಾವ್ರೆ, ನೋಡು. ಅವ್ರು ಸುಮ್ಸುಮ್ನೆ ತೂಗೋರಲ್ಲ."

ಮಣೆಯ ಮೇಲಿದ್ದವನಿಗೆ ಈ ಮಾತು ಕೇಳಿಸಿತು. ಕೇಳಬಲ್ಲ ಕಿವಿಯಲ್ಲವೇ ಅದು?

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ತಂಬೂರಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಸುಮೇಧನ ಕಣ್ಣು ತುಂಬಿತ್ತು.

"ಆಮೇಲೆ ರಸಿಕ ಏನು ಮಾಡಿದ, ಗುರುಗಳೇ?" ಎಂದ. "ಅಷ್ಟೆಲ್ಲ ಆಗಿಹೋದ ಮೇಲೆ ಅವನು ಮಾಡುವುದಾದರೂ ಏನಿತ್ತು?"

"ಅವಳ ಕಿವಿ ಇನ್ನೂ ಹೋಗಿರಲಿಲ್ಲ ಮಗೂ, ಅದನ್ನು ಅವಳು ನಂಬುವ ಹಾಗೆ ಹೇಳಬಲ್ಲವನು ಅವನೊಬ್ಬನೇ ಇದ್ದ," ಎಂದರು ಗುರುಗಳು.