ಗೌಡರ ಅಗ್ಗದ ಪಿಸ್ತೂಲು

ಪಟೇಲ ಜವರೇಗೌಡರು ಯಾರ ಹತ್ತಿರವೋ ಅಗ್ಗಕ್ಕೆ ಸಿಕ್ಕ ಪಿಸ್ತೂಲೊಂದನ್ನು ತಂದು ಆಯುಧಪೂಜೆಗೆ ಇಟ್ಟರು. ಪೂಜೆ ಮುಗಿದದ್ದೇ ತಡ, ಊರವರೆದುರು ಆಳನ್ನು ಕರೆದರು.

"ಲೇ, ತಲೆ ಮೇಲೆ ತೆಂಗಿನಕಾಯಿ ಇಟ್ಕೊಂಡು ನಿಂತ್ಕೊ. ನನ್ನ ಗುರಿ ಎಲ್ಲರೂ ನೋಡ್ಲಿ."

ಆಳು ತಕರಾರು ಮಾಡಲಿಲ್ಲ. ಕಾಯಿ ತಂದ. ಜೊತೆಗೆ ಅರಿಶಿನದ ಬಟ್ಟಲು, ಹಳೇ ಪಂಚೆ ತಂದಿಟ್ಟ. ಗಾಡಿ ಕಟ್ಟಿ ಬಾಗಿಲಿಗೆ ನಿಲ್ಲಿಸಿದ.

"ಗಾಯ ಆಗುತ್ತೆ ಅಂತ ಹೆದರಿಕೇನೋ?" ಗೌಡರು ನಕ್ಕರು.

"ನನಗ್ಯಾಕೆ ಹೆದರಿಕೆ, ಬುದ್ಧಿ? ಇದೆಲ್ಲ ನಿಮಗೆ. ಪಕ್ಕದೂರಲ್ಲೂ ಒಬ್ರು ಇಂಥದ್ದೇ ಪಿಸ್ತೂಲು ತಂದಿದ್ರು. ಎದುರಿಗೆ ನಿಂತೋನು ಮನೆಗೋಗಿ ಹೋಳಿಗೆ ಉಂಡ. ಹೊಡೆದೋರಿಗೆ ಇವತ್ತಿಗೂ ಹೆಂಡ್ತೀನೇ ತುತ್ತು ಮಾಡಿ ತಿನ್ನಿಸ್ತಾರೆ. ಹೂಂ, ನಾನು ರೆಡಿ. ಹೊಡೀರಿ."

ಗೌಡರು ಪಿಸ್ತೂಲು ನೋಡಿದರು. ತಮ್ಮ ಬೆರಳುಗಳನ್ನೂ ನೋಡಿಕೊಂಡರು.

"ಹಬ್ಬದ ದಿನ ಗುಂಡು ಹಾರಿಸಬಾರದು" ಎನ್ನುತ್ತಾ ಗುಂಡೆಲ್ಲ ತೆಗೆದುಬಿಟ್ಟರು. "ಕಾಯಿ ಒಡೆದು ಪ್ರಸಾದ ಹಂಚು, ಹೋಗು."

ಆಳು ಗೌಡರ ಕೈಯಿಂದ ಬರಿದಾದ ಪಿಸ್ತೂಲನ್ನೇ ತೆಗೆದುಕೊಂಡು, ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಕಾಯಿಗೆ ಒಂದೇಟು ಕೊಟ್ಟ. ಹಿಡಿ ಎರಡು ಹೋಳಾಯಿತು.

ಅವನು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹೇಳಿದ: "ಬುದ್ಧಿ, ಕಾಯಿ ಮಾತ್ರ ಒಳ್ಳೇ ಮಾಲು."