ಓಲಗದ ತೀರ್ಪು

ಓಲಗದ ಸಣ್ಣರಂಗಪ್ಪ ಕ್ಷಯದ ಮಾತ್ರೆ ಮುಗಿಸಿ ಕೊನೆಯ ತಪಾಸಣೆಗೆ ಆಸ್ಪತ್ರೆಗೆ ಬಂದ. "ಶುಕ್ರವಾರ ಮಗಳ ಮದುವೆ. ನಾನೇ ಊದಲೇ?" ಎಂದು ಕೇಳಿದ.

"ಊದಯ್ಯ! ನನ್ನೊಳಗೆ ರೋಗದ ಸುಳಿವೇ ಇಲ್ಲ. ಗುಂಡುಕಲ್ಲಿನ ಹಾಗಿದ್ದೀಯ," ಎಂದಿತು ಅವನ ಕಫ ತುಂಬಿದ್ದ ಸೀಸೆ.

"ಬಾಯಿ ಮುಚ್ಚು, ಬೆರಳುದ್ದದವನೇ!" ಎಂದಿತು ಉಸಿರು ಅಳೆಯುವ ಯಂತ್ರ. "ರೋಗ ಹೋಗಿದೆ. ಹೋಗುವಾಗ ಅರ್ಧ ಉಸಿರನ್ನೂ ಹೊತ್ತೊಯ್ದಿದೆ."

ಜಗಳ ಹತ್ತಿತು. ಚೀಲದೊಳಗಿಂದ ಓಲಗ ರೇಗಿತು: "ಊದಿಸಿಕೊಳ್ಳುವವ ನಾನು. ನನ್ನನ್ನು ಯಾರಾದರೂ ಕೇಳಿದಿರಾ?"

ರಂಗಪ್ಪ ಅದನ್ನೆತ್ತಿ, ಕೆನ್ನೆ ಉಬ್ಬಿಸಿ ಊದಿದ. ಮೇಕೆಮರಿ ಅರಚಿದಂತಾಯಿತು. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಅಜ್ಜ "ಹುಶ್, ಹುಶ್" ಎಂದು ಕೋಲು ಬೀಸಿದ.

ಸೀಸೆ ಮೆಲ್ಲಗೆ, "ರೋಗ ಇಲ್ಲವೆಂದೆ. ಉಸಿರು ಇದೆಯೆಂದೆನೇ?" ಎಂದಿತು.

ಶುಕ್ರವಾರ ಓಲಗ ಊದಿದವನು ರಂಗಪ್ಪನ ತಮ್ಮ. ರಂಗಪ್ಪ ಪಕ್ಕದಲ್ಲಿ ಕೂತು ತಾಳ ಹಾಕಿದ, ಸ್ವಲ್ಪ ಜೋರಾಗಿಯೇ.