ಜರ್ಮನ್ ಪುಸ್ತಕದ ಗುಂಡಿ ಕಾಳಗ

ಹುಲಿಗೊಂದಿಯ ದೊರೆ ಬೊಮ್ಮಲಿಂಗನಾಯಕನಿಗೆ ಪರದೇಶಿ ವರ್ತಕನೊಬ್ಬ ದಪ್ಪನೆಯ ಜರ್ಮನ್ ಪುಸ್ತಕ ತಂದುಕೊಟ್ಟ. ಪುಟಪುಟಕ್ಕೂ ಕಾಳಗದ ಬಣ್ಣದ ಚಿತ್ರ. ಅದನ್ನು ತಿಂಗಳುಗಟ್ಟಲೆ ಮಗುಚಿದ ಮೇಲೆ ಕತ್ತಿವರಸೆ ಗುರು ಭರಮಪ್ಪನ ಕಾಲು ನೆಲದ ಮೇಲೆ ನಿಲ್ಲದಾಯಿತು.

"ಯಾವ ಪುಟ ಬೇಕಾದರೂ ತೆಗೀರಿ! ಚಿತ್ರದಲ್ಲಿರೋ ಹಾಗೇ, ಕೂದಲೆಳೆಯಷ್ಟೂ ತಪ್ಪದೆ ಕಾದಾಡ್ತೀನಿ. ಹಿಂದೆಗೆದವನು ಮೀಸೆ ಬೋಳಿಸಿಕೊಂಡು ಊರು ಬಿಡಬೇಕು!"

ಸಭೆಯಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವನೇ ಆಸ್ಥಾನದ ಮಾತುಗಾರ ಸಂಕಣ್ಣ. ಅಡಕೊತ್ತಿಗಿಂತ ಹರಿತವಾದ್ದನ್ನು ಜನ್ಮದಲ್ಲಿ ಹಿಡಿದವನಲ್ಲ.

"ನಕ್ಕವನೇ ಬಾರೋ ನಾಳೆ!" ಭರಮಪ್ಪ ಗುಡುಗಿದ. ದೊರೆಗೂ ತಮಾಷೆ ಬೇಕಿತ್ತು, ಹೂಂ ಅಂದುಬಿಟ್ಟ.

ಸಂಕಣ್ಣ ಲೆಕ್ಕ ಹಾಕಿದ. ಮೀಸೆ ಹೋದರೆ ಹೋಗಲಿ, ಊರು ಬಿಟ್ಟು ಎಲ್ಲಿಗೆ ಹೋಗೋದು? ಪುಸ್ತಕ ಬೇಡಿ ತಂದ, ವರ್ತಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಸಂಜೆತನಕ ಹಾಳೆ ತಿರುವಿದ. ಒಂದು ಕಡೆ ಬೆರಳು ನಿಂತಿತು.

ಬೆಳಿಗ್ಗೆ ಭರಮಪ್ಪ ಬಂದಾಗ ಅಖಾಡದ ನಡುವೆ ಸೊಂಟದಾಳದ ಗುಂಡಿ!

"ಇದೇನೋ?"

"ಗುರುಗಳೇ, ಈ ಪುಟ." ಸಂಕಣ್ಣ ಪುಸ್ತಕ ಬಿಡಿಸಿ ಹಿಡಿದ. ಗುಂಡಿಯೊಳಗೆ ಒಬ್ಬ ಗಂಡಸು, ಒಂದು ಕೈ ಸೊಂಟಕ್ಕೆ ಕಟ್ಟಿದೆ, ಇನ್ನೊಂದರಲ್ಲಿ ದೊಣ್ಣೆ. ಮೇಲೊಬ್ಬ ಹೆಂಗಸು, ಬಟ್ಟೆಯ ತುದಿಗೆ ಕಲ್ಲು ಕಟ್ಟಿ ಬೀಸುತ್ತಿದ್ದಾಳೆ. "ಗಂಡ ಹೆಂಡತಿ ವ್ಯಾಜ್ಯ ಬಗೆಹರಿಯದಿದ್ದರೆ ಆ ದೇಶದಲ್ಲಿ ಹೀಗೆ ತೀರ್ಮಾನವಂತೆ. ಇಳೀರಿ."

"ಮೇಲೆ ನಿಲ್ಲೋಕೆ ನೀನೇನು ಹೆಂಗಸೇ?"

"ಅಯ್ಯೋ, ಚಿತ್ರ ಕೂದಲೆಳೆಯಷ್ಟೂ ತಪ್ಪಬಾರದಲ್ಲ! ನಿಮ್ಮ ಮನೆಯವರನ್ನೇ ಕರೆಸಿದ್ದೀನಿ."

ಭರಮಪ್ಪನ ಹೆಂಡತಿ ಹಾಲಮ್ಮ ಆಗಲೇ ಸೆರಗಿಗೆ ಕಲ್ಲು ಕಟ್ಟುತ್ತ ಬರುತ್ತಿದ್ದಳು. "ವರಸೆ ವರಸೆ ಅಂತ ನನ್ನ ಕುಂಬಳದ ಬಳ್ಳಿಯನ್ನೆಲ್ಲ ಕೊಚ್ಚಿ ಹಾಕಿದೆಯಲ್ಲ, ಶೂರ! ಇಳಿ ಗುಂಡಿಗೆ!"

"ಲೇ, ಸಣ್ಣ ಕಲ್ಲು ಕಟ್ಟಬಾರದೇ?"

"ಚಿತ್ರದಲ್ಲಿ ದೊಡ್ಡದೇ ಇದೆ!"

ಅವಳು ಸೆರಗನ್ನು ಒಂದು ಸುತ್ತು ಬೀಸಿದಳು. ಎರಡನೇ ಸುತ್ತಿಗೆ ಭರಮಪ್ಪ ಅಖಾಡದ ಬೇಲಿಯಾಚೆ ಇದ್ದ. "ಸೋತೆ ಬುದ್ಧಿ! ಕ್ಷೌರಿಕನನ್ನು ಕರೆಸಿ!"

ನಕ್ಕು ನಕ್ಕು ದೊರೆಯ ಪೇಟ ಜಾರಿತು. "ಊರು ಬಿಡೋದು ಬೇಡ ಕಣಯ್ಯಾ, ಮೀಸೆ ಸಾಕು." ಆಮೇಲೆ ಸಂಕಣ್ಣನ ಕಡೆ ತಿರುಗಿ ಕೇಳಿದ, "ಅಷ್ಟು ಪುಟಗಳಲ್ಲಿ ಇದೊಂದೇ ನಿನ್ನ ಕಣ್ಣಿಗೆ ಹೇಗೋ ಬಿತ್ತು?"

"ಬೇರೆ ಪುಟದ ವೀರರು ಯಾರೂ ಪರಿಚಯದವರಲ್ಲ ಬುದ್ಧಿ. ಗುಂಡಿಯಲ್ಲಿದ್ದವನ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು."

"ಯಾರೋ ಅವನು?"

"ನಾನೇ!"

ದೊರೆ ಕೊರಳಿನ ಸರ ತೆಗೆದು ಅವನಿಗೆ ಹಾಕಿದ. ಹಾಕುತ್ತಲೇ ಅಂತಃಪುರದ ಕಿಟಕಿಯ ಕಡೆ ಕಳ್ಳನೋಟ ಬೀರಿ ಪಿಸುಗುಟ್ಟಿದ: "ಬೇಗ ಪುಸ್ತಕ ಮುಚ್ಚೋ ಮಾರಾಯ, ರಾಣಿ ನೋಡಿಬಿಟ್ಟಾಳು!"